ಅಚ್ಚಿನ ಮಾತೂ ಲಾವಣಿಯ ಮಾತೂ

ನರಗುಂದ ತಾಲೂಕಿನ ಶಿರೋಳದಂಥ ಊರಲ್ಲಿ ಬೆಳೆದ ಹುಡುಗಿಯು ಅಮೇರಿಕಾ ದೇಶದ ಸ್ವಾತಂತ್ರ್ಯ ಸಮರದ ಪಾಠವನ್ನೋದುವಾಗ, ಇದು ಏಳು ಸಮುದ್ರಗಳಾಚೆಯ ಕಥೆಯೆಂದು ಭಾವಿಸುವದು ಸಹಜ. ಆದರೆ ದೂರದ ಅರಸರ ಆಳಿಕೆಯಲ್ಲಿದ್ದ ಜನರು ತಮ್ಮ ಸಂಕಟವನ್ನು ಹೇಗೆ ಹೇಳಿಕೊಂಡರು, ಆ ಮಾತು ಹೇಗೆ ಉಳಿಯಿತು ಎಂದು ವಿಚಾರಿಸಿದೊಡನೆ ಅದು ನಮ್ಮ ನೆರೆಯ ಪಾಠವಾಗುವದು.

ಮೆಸಚೂಸೆಟ್ಸ್ ಪ್ರಾಂತದಲ್ಲಿ ನೆಲೆಸಿದ ಆಂಗ್ಲರು ಬಹು ಬೇಗನೆ ಅಚ್ಚುಕೂಟವನ್ನು ಸ್ಥಾಪಿಸಿ, ೧೬೪೦ರಲ್ಲಿಯೇ ಕೀರ್ತನೆಗಳ ಪುಸ್ತಕವನ್ನು ಮುದ್ರಿಸಿದರು. ಪ್ರಸಂಗಗಳು, ದಿನಚರಿಗಳು, ಭಕ್ತಿಗೀತಗಳು ಇವೇ ಅವರ ಮೊದಲಿನ ಸಾಹಿತ್ಯ. ಆನ್ ಬ್ರಾಡ್‌ಸ್ಟ್ರೀಟ್ ಎಂಬ ಗೃಹಿಣಿಯ ಕವಿತೆಗಳು ೧೬೫೦ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಆಫ್ರಿಕಾದಿಂದ ಗುಲಾಮಳಾಗಿ ಬಂದ ಫಿಲಿಸ್ ವ್ಹೀಟ್ಲಿಯ ಕವನ ಸಂಗ್ರಹವು ೧೭೭೩ರಲ್ಲಿ ಹೊರಬಿದ್ದಿತು. ೧೭೬೫ರ ಮುದ್ರಾಶುಲ್ಕವು ವೃತ್ತಪತ್ರಗಳ ಮೇಲೆಯೂ ಬೀಳಲು, ಅಚ್ಚುಕೂಟದವರೇ ಕೆರಳಿ ನಿಂತರು. ೧೭೭೬ರ ಜನವರಿಯಲ್ಲಿ ಥಾಮಸ್ ಪೇನನು ಸಾಮಾನ್ಯರ ಭಾಷೆಯಲ್ಲಿ ಬರೆದ ಕಿರುಪುಸ್ತಕವು ಊರೂರಿಗೆ ಹರಡಿತು. ಅದೇ ವರ್ಷ ಜುಲಾಯಿ ೪ರಂದು ಸ್ವಾತಂತ್ರ್ಯ ಘೋಷಣೆಯಾಯಿತು.

ಇನ್ನು ನಮ್ಮ ಕಡೆಗೆ ನೋಡುವ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಅಚ್ಚುಕೂಟವನ್ನು ತೆರೆದರು. ೧೮೪೩ರಲ್ಲಿ ಮೋಗ್ಲಿಂಗರು ಮೊದಲನೆಯ ಕನ್ನಡ ವೃತ್ತಪತ್ರವಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಆದರೆ ಬಂಡಾಯದ ಮಾತು ಅಚ್ಚಿಗೆ ಬರಲಿಲ್ಲ. ದತ್ತಕಕ್ಕೆ ಅನುಮತಿ ದೊರೆಯದೆ ನೊಂದ ನರಗುಂದದ ಬಾಬಾಸಾಹೇಬನು ೧೮೫೮ರಲ್ಲಿ ದಂಗೆಯೆದ್ದು, ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅವನ ಅರಮನೆಯಲ್ಲಿ ಗ್ರಂಥಗಳ ದೊಡ್ಡ ಸಂಗ್ರಹವಿದ್ದಿತು. ಆದರೆ ಅವನ ಅಳಲನ್ನು ಹಳ್ಳಿಹಳ್ಳಿಗೆ ಒಯ್ಯುವ ಪೇನನ ಪುಸ್ತಕದಂಥದೊಂದು ಇರಲಿಲ್ಲ.

ಆ ಕೆಲಸವನ್ನು ಈ ನಾಡಿನಲ್ಲಿ ಲಾವಣಿಯು ಮಾಡಿತು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದಿರಲು, ದಂಡು ಬಂದು ಊರನ್ನು ಸುಟ್ಟಿತು. ಗದಗಿನ ಹತ್ತಿರದ ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಲಾವಣಿಯು ಇದನ್ನು ಹೇಳುವದು. ಅದು ವೀರರ ಹೆಸರುಗಳನ್ನಷ್ಟೇ ಹೇಳಿ ಸುಮ್ಮನಾಗುವದಿಲ್ಲ. ದಂಡಿನವರು ಒಯ್ದ ಹಾಲು ಮೊಸರು, ಉಪ್ಪು ಎಣ್ಣೆ, ಅರಿಸಿನ ಜೀರಿಗೆ, ಬೀಸುಕಲ್ಲು, ಮಂಗಳಸೂತ್ರಗಳನ್ನೂ ಎಣಿಸುವದು. ಸರಕಾರದ ವರದಿಗೆ ಹಲಗಲಿಯು ಒಂದು ದಂಗೆ. ಲಾವಣಿಗೆ ಅದು ಬರಿದಾದ ಅಡಿಗೆಮನೆ. ಹೆಂಗಸರ ನಷ್ಟವನ್ನು ಲೆಕ್ಕಕ್ಕೆ ತಂದುದು ಹಾಡೇ.

ಆಶ್ಚರ್ಯವೇನೆಂದರೆ, ಈ ಹಾಡನ್ನೂ ಸಂಗೊಳ್ಳಿ ರಾಯಣ್ಣನ ಹಾಡನ್ನೂ ಬರಹಕ್ಕಿಳಿಸಿ ೧೮೮೫ರಿಂದ ಮೊದಲ್ಗೊಂಡು ಅಚ್ಚು ಮಾಡಿಸಿದವರು ಆಳುವವರ ಅಧಿಕಾರಿಯಾದ ಫ್ಲೀಟರು. ಅವರಿಗೆ ನಾವು ಋಣಿಗಳು. ಆದರೆ ಅವರ ಕಿವಿಗೆ ಬೀಳದ ಹಾಡುಗಳು ಎಷ್ಟಿದ್ದವೋ! ಹಾಡುವವರ ಕೊರಳು ನಿಂತರೆ ಹಾಡೂ ನಿಲ್ಲುವದು. ಅದನ್ನು ಬರೆದಿಡಬಲ್ಲ ಕೈ ಆಗ ಮನೆಯಲ್ಲಿರಲಿಲ್ಲ.

ಈಗ ಇದೆ. ಶಾಲೆಯಲ್ಲಿ ಅಕ್ಷರ ಕಲಿತ ಸಹೋದರಿಯರೇ, ಹೆಣ್ಣುಮಕ್ಕಳನ್ನು ಓದಿಸಿದ ತಾಯಿತಂದೆಗಳೇ, ಅಜ್ಜಿಯು ಬೀಸುವಾಗಲೋ ಸೋಬಾನೆಯಲ್ಲೋ ಕಲಿತ ಹಾಡು ಮನೆಯಲ್ಲಿದ್ದರೆ, ಹಾಡಿದವರ ಹೆಸರು, ಊರು, ದಿನಗಳೊಡನೆ, ಆಡುಮಾತನ್ನು ತಿದ್ದದೆ, ಒಂದು ವಹಿಯಲ್ಲಿ ಬರೆದಿಡಿರಿ. ಪರದೇಶದ ಸಾಹಿತ್ಯದ ಪಾಠದಿಂದ ನಾವು ಪಡೆಯುವ ಫಲವು ಇದೇ ಆಗಲಿ.