ಎದ್ದು ನಿಲ್ಲುವುದು ಆರಾಧನೆಯೇ?

ಅಲ್ಲಾಹನ ಹೊರತು ಇನ್ನಾರನ್ನೂ ಆರಾಧಿಸದಿರುವುದು ಸತ್ಯವಿಶ್ವಾಸಿಯ ಮೂಲ ನಿಲುವು. ನಮಾಝ್‌ನಲ್ಲಿ ನಾವು ನಿಲ್ಲುವುದು, ಬಾಗುವುದು, ಹಣೆಯನ್ನು ನೆಲಕ್ಕಿಡುವುದು ಎಲ್ಲವೂ ಅವನೊಬ್ಬನಿಗಾಗಿ. ಹಾಗಾದರೆ ರಾಷ್ಟ್ರಗೀತೆ ಕೇಳಿಬರುವಾಗ ಧ್ವಜದ ಮುಂದೆ ಎದ್ದು ನಿಲ್ಲುವುದು ಏನು? ಅದು ಆರಾಧನೆಯೇ, ಗೌರವವೇ? ಆ ದೇಶದಲ್ಲಿ ಅನ್ಯಾಯ ನಡೆಯುತ್ತಿದ್ದರೆ ಆಗಲೂ ನಿಲ್ಲಬೇಕೇ? 1996ರಲ್ಲಿ ಅಮೆರಿಕದ ಒಬ್ಬ ಮುಸ್ಲಿಮ್ ಆಟಗಾರನಿಂದಾಗಿ ಈ ಪ್ರಶ್ನೆ ಇಡೀ ದೇಶದ ಚರ್ಚೆಯಾಯಿತು. ಆ ಘಟನೆಯಲ್ಲಿ ನಮಗೂ ನಮ್ಮ ಮಕ್ಕಳಿಗೂ ಪಾಠವಿದೆ.

ಡೆನ್ವರ್‌ನ ಘಟನೆ

ಮಹ್ಮೂದ್ ಅಬ್ದುಲ್ ರವೂಫ್ 1969ರಲ್ಲಿ ಮಿಸಿಸಿಪ್ಪಿ ರಾಜ್ಯದ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದವರು. ಆಗಿನ ಹೆಸರು ಕ್ರಿಸ್ ಜಾಕ್ಸನ್. ಮೈ ತಾನಾಗಿ ಸೆಳೆದುಕೊಳ್ಳುವ ಟುರೆಟ್ ಎಂಬ ನರದೋಷವಿದ್ದರೂ ಬಾಸ್ಕೆಟ್‌ಬಾಲ್‌ನಲ್ಲಿ ಮೇಲೇರಿ 1990ರಲ್ಲಿ ಡೆನ್ವರ್ ತಂಡ ಸೇರಿದರು. 1991ರಲ್ಲಿ ಇಸ್ಲಾಮ್ ಸ್ವೀಕರಿಸಿದರು. 1993ರಲ್ಲಿ ಹೆಸರು ಬದಲಿಸಿಕೊಂಡರು.

1995-96ರ ಪಂದ್ಯಗಳಲ್ಲಿ ರಾಷ್ಟ್ರಗೀತೆಯ ವೇಳೆ ಅವರು ಎಲ್ಲರೊಂದಿಗೆ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ಇದು ಸುದ್ದಿಯೇ ಆಗಲಿಲ್ಲ. ಕೊನೆಗೆ ಕಾರಣ ಕೇಳಿದಾಗ, ಆ ಧ್ವಜ ಅನೇಕರ ಪಾಲಿಗೆ ದಬ್ಬಾಳಿಕೆಯ ಸಂಕೇತ, ತನ್ನ ನಿಷ್ಠೆ ದೇವನಿಗೆ ಮಾತ್ರ ಎಂಬ ಅರ್ಥದಲ್ಲಿ ಉತ್ತರಿಸಿದರು. 1996ರ ಮಾರ್ಚ್ 12ರಂದು ಲೀಗ್ ಅವರನ್ನು ವೇತನವಿಲ್ಲದೆ ಅಮಾನತು ಮಾಡಿತು. ಒಂದು ಪಂದ್ಯ ತಪ್ಪಿದರೆ 31 ಸಾವಿರ ಡಾಲರಿಗೂ ಮಿಕ್ಕಿದ ನಷ್ಟ.

ಆಗ ಮುಸ್ಲಿಮರಲ್ಲೇ ಎರಡು ಅಭಿಪ್ರಾಯಗಳಿದ್ದವು. ರಮಝಾನ್ ಉಪವಾಸ ಹಿಡಿದೇ ಆಡುತ್ತಿದ್ದ ಹ್ಯೂಸ್ಟನ್ ತಂಡದ ಹಕೀಮ್ ಒಲಾಜುವಾನ್, ಒಳ್ಳೆಯ ಮುಸ್ಲಿಮನು ಒಳ್ಳೆಯ ನಾಗರಿಕನೂ ಆಗಿರಬೇಕೆಂದರು. ಇನ್ನೊಂದೆಡೆ ಡೆನ್ವರ್‌ನ ಒಂದು ರೇಡಿಯೋ ಕೇಂದ್ರದ ನೌಕರರು ಮಸೀದಿಗೆ ನುಗ್ಗಿ ತುತ್ತೂರಿಯಲ್ಲಿ ರಾಷ್ಟ್ರಗೀತೆ ನುಡಿಸಿದರು. ಧ್ವಜದ ಗೌರವದ ಹೆಸರಿನಲ್ಲಿ ಆರಾಧನಾಲಯದ ಗೌರವವನ್ನು ಕೆಡಿಸಿದರು!

ಕೆಲವೇ ದಿನಗಳಲ್ಲಿ ಒಪ್ಪಂದವಾಯಿತು. ಮಾರ್ಚ್ 15ರಂದು ಶಿಕಾಗೋದಲ್ಲಿ ಅಬ್ದುಲ್ ರವೂಫ್ ಎದ್ದು ನಿಂತರು. ತಲೆ ತಗ್ಗಿಸಿ, ಎರಡೂ ಕೈಗಳನ್ನೆತ್ತಿ ದುಆ ಮಾಡಿದರು. ನೊಂದವರಿಗಾಗಿ ಪ್ರಾರ್ಥಿಸುವೆನೆಂದು ಮೊದಲೇ ಹೇಳಿದ್ದರು. ಆದರೂ ಜನ ಕೂಗಿ ಹೀಯಾಳಿಸಿದರು. ಆ ವರ್ಷವೇ ಡೆನ್ವರ್ ತಂಡ ಅವರನ್ನು ಬೇರೆ ತಂಡಕ್ಕೆ ಕೊಟ್ಟಿತು.

ಪ್ರವಾದಿಚರ್ಯೆ ಏನು ಹೇಳುತ್ತದೆ?

ಒಮ್ಮೆ ಪ್ರವಾದಿ(ಸ)ರ ಮುಂದಿನಿಂದ ಓರ್ವ ಯಹೂದಿಯ ಶವಯಾತ್ರೆ ಹಾದುಹೋಯಿತು. ಅವರು ಎದ್ದು ನಿಂತರು. ಅದು ಯಹೂದಿಯದೆಂದು ಸಂಗಾತಿಗಳು ನೆನಪಿಸಿದಾಗ, ಅದೂ ಒಂದು ಮಾನವ ಜೀವವಲ್ಲವೇ ಎಂದು ಕೇಳಿದರು. ಹ. ಸಅದ್ ಬಿನ್ ಮುಆದ್(ರ)ರು ಬಂದಾಗ ತಮ್ಮ ನಾಯಕನಿಗಾಗಿ ಏಳಿರೆಂದು ಅನ್ಸಾರ್‌ಗಳಿಗೆ ಹೇಳಿದರು. ಆದರೆ ತಮಗಾಗಿ ಜನ ಎದ್ದು ನಿಲ್ಲುವುದನ್ನು ಅವರು ಇಷ್ಟಪಡುತ್ತಿರಲಿಲ್ಲ.

ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿರಿ. ಎದ್ದು ನಿಲ್ಲುವುದೇ ಆರಾಧನೆಯಾಗಿದ್ದರೆ ಪ್ರವಾದಿ(ಸ)ರು ಶವಕ್ಕಾಗಿ ಏಳುತ್ತಿದ್ದರೇ? ಆರಾಧನೆಯ ಉದ್ದೇಶವಿಲ್ಲದೆ ಗೌರವಕ್ಕಾಗಿ ನಿಲ್ಲುವುದರಿಂದ ತೌಹೀದ್‌ಗೆ ಧಕ್ಕೆಯಿಲ್ಲ. ಹಾಗೆಂದು ಅಹಂಕಾರವನ್ನು ತಣಿಸಲು ನಿಲ್ಲಿಸುವುದು ಒಳ್ಳೆಯದೂ ಅಲ್ಲ.

ಗೌರವವೆಂದರೆ ಮೌನವಲ್ಲ

ನ್ಯಾಯದ ಪರವಾಗಿ ಗಟ್ಟಿಯಾಗಿ ನಿಲ್ಲಬೇಕು, ಅದು ನಿಮ್ಮ ವಿರುದ್ಧ ಅಥವಾ ಹೆತ್ತವರ ವಿರುದ್ಧವಾದರೂ ಸರಿ ಎಂದು ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಆದೇಶಿಸುತ್ತದೆ. ಹೆತ್ತವರನ್ನು ಗೌರವಿಸುತ್ತಲೇ ಅವರ ತಪ್ಪಿಗೆ ಸಾಕ್ಷಿ ಹೇಳಬೇಕೆಂದಾದರೆ ದೇಶದ ವಿಷಯದಲ್ಲಿ ಮಾತ್ರ ಅದು ಬೇರೆಯಾಗುವುದು ಹೇಗೆ?

ಅಮೆರಿಕದ ಕಪ್ಪು ಆಟಗಾರರ ನೋವು ಸುಳ್ಳಲ್ಲ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕದ ವೇದಿಕೆಯಲ್ಲಿ ತಲೆ ತಗ್ಗಿಸಿ ಮುಷ್ಟಿ ಎತ್ತಿದರು. ಅವರನ್ನು ತಂಡದಿಂದ ಹೊರಗೆ ಹಾಕಲಾಯಿತು. 2016ರಲ್ಲಿ ಕಾಲಿನ್ ಕೇಪರ್ನಿಕ್ ಎಂಬ ಫುಟ್ಬಾಲ್ ಆಟಗಾರ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯವನ್ನು ವಿರೋಧಿಸಿ ರಾಷ್ಟ್ರಗೀತೆಯ ವೇಳೆ ಮೊದಲು ಕುಳಿತೇ ಇದ್ದರು. ಬಳಿಕ ಓರ್ವ ಮಾಜಿ ಸೈನಿಕನೊಂದಿಗೆ ಕೂತು ಮಾತಾಡಿ, ಸೈನಿಕರ ಮನ ನೋಯದಿರಲೆಂದು ಒಂದು ಮಂಡಿಯೂರುವ ಕ್ರಮವನ್ನು ಆರಿಸಿಕೊಂಡರು. ಬೇಡಿಕೆಯನ್ನು ಬಿಡಲಿಲ್ಲ, ರೀತಿಯನ್ನು ತಿದ್ದಿಕೊಂಡರು. ಹುದೈಬಿಯಾ ಒಪ್ಪಂದದಲ್ಲಿ ವಿರೋಧಿಗಳು ಆಕ್ಷೇಪಿಸಿದಾಗ "ಅಲ್ಲಾಹನ ಸಂದೇಶವಾಹಕ" ಎಂಬ ಪದವನ್ನು ಅಳಿಸಲು ಒಪ್ಪಿದ ಪ್ರವಾದಿ(ಸ)ರು ಸತ್ಯವನ್ನು ಬಿಟ್ಟುಕೊಟ್ಟರೇ? ಇಲ್ಲ, ಶಾಂತಿಯ ದಾರಿಯನ್ನು ತೆರೆದರು.

ನಾವು ಕಲಿಯಬೇಕಾದುದು

ನಮ್ಮ ದೇಶದಲ್ಲೂ ಇಂತಹ ಪ್ರಶ್ನೆ ನ್ಯಾಯಾಲಯದ ಮೆಟ್ಟಲೇರಿದೆ. ಕೇರಳದ ಮೂವರು ಕ್ರೈಸ್ತ ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ನಿಲ್ಲುತ್ತಿದ್ದರು. ಆದರೆ ತಮ್ಮ ವಿಶ್ವಾಸದ ಕಾರಣ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಮ್ ಕೋರ್ಟ್ 1986ರಲ್ಲಿ ತೀರ್ಪಿತ್ತಿತು. ಎದ್ದು ನಿಂತುದರಲ್ಲೇ ಗೌರವವಿದೆಯೆಂಬುದು ಆ ತೀರ್ಪಿನ ಸಾರ.

ಆದ್ದರಿಂದ, ಶಾಲೆಯ ಅಂಗಳದಲ್ಲಿ ಧ್ವಜವೇರುವಾಗ ನೆಟ್ಟಗೆ, ಮೌನವಾಗಿ ನಿಲ್ಲುವಂತೆ ನಿಮ್ಮ ಮಕ್ಕಳಿಗೆ ಕಲಿಸಿರಿ. ಅದು ನೆರೆಹೊರೆಯವರೊಂದಿಗೆ ಹಂಚಿಕೊಂಡ ನಾಡಿಗೆ ಸಲ್ಲಿಸುವ ಗೌರವ, ಸಜ್ದಾ ಅಲ್ಲವೆಂದು ಬಿಡಿಸಿ ಹೇಳಿರಿ. ಅನ್ಯಾಯ ಕಂಡಾಗ ಸಭ್ಯವಾಗಿ, ಧೈರ್ಯದಿಂದ ಮಾತಾಡಲೂ ಕಲಿಸಿರಿ. ನಿಲ್ಲದವನನ್ನು ದ್ರೋಹಿಯೆನ್ನುವ ಮೊದಲು, ನಿಂತವನನ್ನು ದುರ್ಬಲ ವಿಶ್ವಾಸಿಯೆನ್ನುವ ಮೊದಲು ಅವನ ಮಾತನ್ನು ಕೇಳಿರಿ. ಮನದೊಳಗಿನ ಉದ್ದೇಶವನ್ನು ಬಲ್ಲವನು ಅಲ್ಲಾಹನೊಬ್ಬನೇ. ನ್ಯಾಯವನ್ನೂ ಸೌಜನ್ಯವನ್ನೂ ಜೊತೆಯಾಗಿ ಪಾಲಿಸುವ ಶಕ್ತಿಯನ್ನು ಅವನು ನಮಗೆ ಕರುಣಿಸಲಿ, ಆಮೀನ್.