ಬಿಸಿಲನ್ನರಸಿ ಹೊರಟ ಸಂಸಾರ

ಉತ್ತರ ಯೂರೋಪಿನ ಜನರಿಗೆ ಚಳಿಗಾಲವೆಂಬುದು ಬರಿಯ ಋತುವಲ್ಲ, ಒಂದು ಬಗೆಯ ಸೆರೆವಾಸ. ಪ್ಯಾರಿಸ್, ಲಂಡನ್ ಮೊದಲಾದ ನಗರಗಳಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು ಎಂಟು ಗಂಟೆಯಷ್ಟೇ. ಆ ಹಗಲಿನಲ್ಲಿಯೂ ಮೋಡ ಮಂಜುಗಳ ಮರೆಯಿಂದ ಸೂರ್ಯನು ಹೊರಬರುವುದು ಅಪೂರ್ವ. ಆದಕಾರಣ ಅನುಕೂಲವುಳ್ಳವರು ಮಕ್ಕಳುಮರಿಗಳೊಡನೆ ಮೆಡಿಟರೇನಿಯನ್ ಸಮುದ್ರದ ತೀರಕ್ಕೋ ದ್ವೀಪಕ್ಕೋ ಹೋಗಿ ಚಳಿಗಾಲವನ್ನು ಕಳೆಯುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಗಿ ಬೇರೂರಿತು. ಇಂದಿಗೂ ಅದು ನಿಂತಿಲ್ಲ. ಈ ಪದ್ಧತಿಯ ಹಿಂದಿರುವ ನಂಬಿಕೆ ಎಷ್ಟರಮಟ್ಟಿಗೆ ನಿಜ? ಬಿಸಿಲಿನ ದ್ವೀಪದಲ್ಲಿ ಚಳಿಗಾಲದಲ್ಲಿ ಬಿಸಿಲು ಇರುತ್ತದೆಯೆ? ಈ ಪ್ರಶ್ನೆಗಳನ್ನು ಒಂದು ಪ್ರಸಿದ್ಧ ಉದಾಹರಣೆಯ ಮೂಲಕ ವಿಚಾರಮಾಡುವುದು ಈ ಲೇಖನದ ಉದ್ದೇಶ. ಅದು ೧೮೩೮–೩೯ರ ಚಳಿಗಾಲದಲ್ಲಿ ಸ್ಪೇನಿಗೆ ಸೇರಿದ ಮಯೋರ್ಕ ದ್ವೀಪಕ್ಕೆ ಹೋದ ಒಂದು ಸಂಸಾರದ ಕಥೆ.

ಹೊರಟವರು ಯಾರು?

ಆ ಸಂಸಾರದ ಯಜಮಾನಿ ಫ್ರಾನ್ಸಿನ ಖ್ಯಾತ ಕಾದಂಬರಿಕಾರ್ತಿ ಜಾರ್ಜ್ ಸಾಂಡ್. ಇದು ಆಕೆ ತಾಳಿದ್ದ ಗಂಡಸಿನ ಲೇಖನನಾಮ. ನಿಜವಾದ ಹೆಸರು ಅರೋರ್ ದ್ಯುಪ್ಯಾಂ. ಆಗ ಆಕೆಗೆ ಮೂವತ್ತನಾಲ್ಕು ವರ್ಷ. ಗಂಡನಿಂದ ಬೇರೆಯಾಗಿ, ಹದಿನೈದು ವರ್ಷದ ಮಗ ಮೋರೀಸ್, ಹತ್ತು ವರ್ಷದ ಮಗಳು ಸೊಲಾಂಜ್, ಇವರಿಬ್ಬರನ್ನು ಸಾಕುತ್ತಿದ್ದಳು. ಮಗನಿಗೆ ಕೀಲುನೋವಿನ ಬಾಧೆ. ಜೊತೆಗೆ ಹೊರಟವನು ಪೋಲೆಂಡ್ ದೇಶದ ಸಂಗೀತಗಾರ ಫ್ರೆಡರಿಕ್ ಶೋಪಾನ್. ಇಪ್ಪತ್ತೆಂಟರ ತರುಣ, ಕೃಶಶರೀರಿ, ಬಿಡದ ಕೆಮ್ಮಿನವನು. ಇವರಿಬ್ಬರೂ ಮದುವೆಯಾದವರಲ್ಲ. ಸಮಾಜದ ಕಣ್ಣಿಗೆ ಇದು ಸಂಸಾರವೆನಿಸದಿದ್ದರೂ ಆಕೆಯ ಮಟ್ಟಿಗೆ ಮೂವರೂ ಪಾಲನೆಗೆ ಒಪ್ಪಿಸಿದ ಮಕ್ಕಳಂತೆಯೇ ಇದ್ದರು. ಪ್ರಯಾಣದ ವೆಚ್ಚಕ್ಕಾಗಿ ಶೋಪಾನನು ಇನ್ನೂ ಮುಗಿಯದ ತನ್ನ ‘ಪ್ರೆಲ್ಯೂಡ್’ಗಳನ್ನು ಪಿಯಾನೋ ತಯಾರಕನಾದ ಕಮೀಯ್ ಪ್ಲೆಯೆಲನಿಗೆ ೨,೦೦೦ ಫ್ರಾಂಕುಗಳಿಗೆ ಮಾರಿ, ೫೦೦ ಫ್ರಾಂಕುಗಳನ್ನು ಮುಂಗಡವಾಗಿ ಪಡೆದಿದ್ದನು.

ಬಾರ್ಸಿಲೋನದಿಂದ ‘ಎಲ್ ಮಯೋರ್ಕಿನ್’ ಎಂಬ ಉಗಿಹಡಗಿನಲ್ಲಿ ಹೊರಟು ೧೮೩೮ರ ನವೆಂಬರ್ ೮ರಂದು ಅವರು ದ್ವೀಪದ ರಾಜಧಾನಿಯಾದ ಪಾಲ್ಮ ನಗರದಲ್ಲಿ ಇಳಿದರು. ಅಲ್ಲಿ ತಂಗಲು ಹೋಟಲೇ ಇರಲಿಲ್ಲ. ಸ್ಪೇನಿನ ಒಳಯುದ್ಧಕ್ಕೆ ಅಂಜಿ ಓಡಿಬಂದ ನಿರಾಶ್ರಿತರಿಂದ ಊರು ತುಂಬಿಹೋಗಿತ್ತು. ಪೀಪಾಯಿ ಮಾಡುವವನೊಬ್ಬನ ಅಂಗಡಿಯ ಬಳಿ, ದಿನವೆಲ್ಲ ಸುತ್ತಿಗೆಯ ಸದ್ದು ಕೇಳುವ ಕೋಣೆಗಳಲ್ಲಿ ಮೊದಲ ದಿನಗಳು ಕಳೆದವು. ಬಳಿಕ ಊರ ಹೊರಗೆ ಒಂದು ತೋಟದ ಮನೆ ಬಾಡಿಗೆಗೆ ದೊರೆಯಿತು. ನವೆಂಬರಿನ ಆ ದಿನಗಳಲ್ಲಿ ಆಕಾಶ ತಿಳಿಯಾಗಿತ್ತು, ಹವೆ ಬೆಚ್ಚಗಿತ್ತು. ತಾಳೆ, ಕಿತ್ತಳೆ, ನಿಂಬೆ, ಅಂಜೂರಗಳ ನಡುವೆ ತಾನು ಸುಖವಾಗಿರುವೆನೆಂದು ಶೋಪಾನನು ಪ್ಯಾರಿಸಿನ ಗೆಳೆಯನಿಗೆ ಹರ್ಷದಿಂದ ಕಾಗದ ಬರೆದನು.

ಹವೆಯ ಗುಟ್ಟು

ಆ ಹರ್ಷ ಒಂದು ತಿಂಗಳು ಕೂಡ ಉಳಿಯಲಿಲ್ಲ. ಮಳೆ ಹಿಡಿಯಿತು. ಇದು ಅಕಾಲದ ಮಳೆಯಲ್ಲ ಎಂಬುದನ್ನು ಭೂಗೋಳ ಓದುವ ವಿದ್ಯಾರ್ಥಿಗಳು ಗಮನಿಸಬೇಕು. ಮೆಡಿಟರೇನಿಯನ್ ವಾಯುಗುಣದ ಮುಖ್ಯ ಲಕ್ಷಣವೇ ಒಣ ಬೇಸಗೆ, ಮಳೆಯ ಚಳಿಗಾಲ. ಬೇಸಗೆಯಲ್ಲಿ ಉಪೋಷ್ಣವಲಯದ ಅಧಿಕ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಆ ಸಮುದ್ರದ ಮೇಲೆ ಕುಳಿತುಕೊಳ್ಳುತ್ತದೆ. ಅಲ್ಲಿ ವಾಯು ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಮೋಡ ಕಟ್ಟುವುದಿಲ್ಲ. ಜುಲೈ ತಿಂಗಳಲ್ಲಿ ಮಳೆ ಇಲ್ಲವೆಂದೇ ಹೇಳಬಹುದು. ಸೂರ್ಯನು ದಕ್ಷಿಣಾಯನದಲ್ಲಿ ಸರಿದಂತೆ ಆ ಪಟ್ಟಿಯೂ ದಕ್ಷಿಣಕ್ಕೆ ಸರಿಯುತ್ತದೆ. ತೆರವಾದ ಸ್ಥಳಕ್ಕೆ ಅಟ್ಲಾಂಟಿಕ್ ಕಡೆಯಿಂದ ಪಶ್ಚಿಮ ಮಾರುತಗಳೂ ಅವುಗಳೊಡನೆ ವಾಯುಭಾರ ಕುಸಿತಗಳೂ ನುಗ್ಗುತ್ತವೆ. ಬೇಸಗೆಯ ಶಾಖವನ್ನು ಇನ್ನೂ ಹಿಡಿದಿಟ್ಟುಕೊಂಡಿರುವ ಕಡಲಿನಿಂದ ತೇವವನ್ನು ಹೀರಿ ಅವು ಮಳೆ ಸುರಿಸುತ್ತವೆ. ನಮ್ಮಲ್ಲಿ ಬೇಸಗೆಯ ಬೆನ್ನಿಗೆ ಮುಂಗಾರು ಬಂದರೆ, ಅಲ್ಲಿ ಬೇಸಗೆ ಮುಗಿದು ಚಳಿ ಕಾಲಿಟ್ಟಾಗಲೇ ಮಳೆಗಾಲ.

ಎರಡನೆಯ ಸಂಗತಿ ಸೂರ್ಯನ ಎತ್ತರ. ಮಯೋರ್ಕ ಇರುವುದು ಸುಮಾರು ಮೂವತ್ತೊಂಬತ್ತೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ೨೨ರ ಸುಮಾರಿಗೆ ನಡುಹಗಲಿನಲ್ಲಿ ಅಲ್ಲಿ ಸೂರ್ಯನು ದಿಗಂತದಿಂದ ಕೇವಲ ಇಪ್ಪತ್ತೇಳು ಡಿಗ್ರಿ ಮೇಲಿರುತ್ತಾನೆ. ಅದೇ ದಿನ ಧಾರವಾಡದಲ್ಲಿ ಆತನ ಎತ್ತರ ಐವತ್ತೊಂದು ಡಿಗ್ರಿ. ಪಾಲ್ಮದಲ್ಲಿ ಜನವರಿಯ ಹಗಲು ಉಷ್ಣಮಾನ ಸುಮಾರು ೧೫ ಡಿಗ್ರಿ ಸೆಲ್ಸಿಯಸ್. ಪ್ಯಾರಿಸಿನವರಿಗೆ ಇದು ಹಿತವೇ. ಆದರೆ ಅದನ್ನು ಬೇಸಗೆಯೆಂದು ಭಾವಿಸಿ ಹೋದವರಿಗೆ ನಿರಾಶೆ ತಪ್ಪದು.

ಮೂರನೆಯದು ಬೆಟ್ಟ. ದ್ವೀಪದ ವಾಯವ್ಯ ಅಂಚಿನಲ್ಲಿ ತ್ರಮುಂತಾನ ಬೆಟ್ಟಸಾಲು ಗೋಡೆಯಂತೆ ನಿಂತಿದೆ. ಅದರ ಅತ್ಯುನ್ನತ ಶಿಖರ ೧,೪೦೦ ಮೀಟರುಗಳನ್ನು ಮೀರಿದ್ದು. ನಮ್ಮ ಸಹ್ಯಾದ್ರಿ ಅರಬ್ಬೀ ಸಮುದ್ರದ ಗಾಳಿಯನ್ನು ತಡೆದು ಮೇಲಕ್ಕೇರಿಸಿ ಮಳೆ ಕರೆಯುವಂತೆಯೇ ಇದೂ ಮಾಡುತ್ತದೆ. ಬಯಲಿನಲ್ಲಿರುವ ಪಾಲ್ಮದಲ್ಲಿ ವರ್ಷಕ್ಕೆ ಸುಮಾರು ೪೫೦ ಮಿಲಿಮೀಟರ್ ಮಳೆಯಾದರೆ, ಬೆಟ್ಟದ ಎತ್ತರದ ಭಾಗಗಳಲ್ಲಿ ಅದು ೧,೦೦೦ ಮಿಲಿಮೀಟರನ್ನು ದಾಟುತ್ತದೆ. ದ್ವೀಪವೊಂದೇ, ಹವೆ ಎರಡು.

ಮನೆಯೂ ರೋಗವೂ

ಹವೆಯಷ್ಟೇ ಮುಖ್ಯವಾದುದು ಮನೆ. ಮೆಡಿಟರೇನಿಯನ್ ಮನೆಗಳನ್ನು ಕಟ್ಟುವುದು ಬೇಸಗೆಯ ಬೇಗೆಯನ್ನು ತಡೆಯಲು: ದಪ್ಪ ಗೋಡೆ, ಸುಣ್ಣದ ಗಾರೆ, ಕಲ್ಲಿನ ನೆಲ. ಈ ಸಂಸಾರ ಹಿಡಿದ ಮನೆಯಲ್ಲಿ ಬೆಂಕಿಗೂಡೇ ಇರಲಿಲ್ಲ. ಮಳೆ ಹಿಡಿದೊಡನೆ ಗೋಡೆಗಳು ನೀರುಂಡು ಉಬ್ಬಿದವು. ಇದ್ದಲಿನ ಅಗ್ಗಿಷ್ಟಿಕೆಯೊಂದೇ ಗತಿಯಾಯಿತು; ಅದರ ಹೊಗೆ ರೋಗಿಯ ಕೆಮ್ಮನ್ನು ಕೆರಳಿಸಿತು. ಶೋಪಾನನನ್ನು ಮೂವರು ವೈದ್ಯರು ಪರೀಕ್ಷಿಸಿದರು. ಆತನಿಗೆ ಕ್ಷಯವೆಂಬ ಸುದ್ದಿ ಹಬ್ಬಿತು.

ಇಲ್ಲಿಂದ ಮುಂದೆ ಕಥೆಗೆ ಬೇರೊಂದು ಗಾಂಭೀರ್ಯ ಬರುತ್ತದೆ. ಫ್ರಾನ್ಸ್ ಮೊದಲಾದ ಉತ್ತರದ ದೇಶಗಳ ವೈದ್ಯರು ಆ ಕಾಲದಲ್ಲಿ ಕ್ಷಯವನ್ನು ವಂಶದಿಂದ, ಮೈಕಟ್ಟಿನಿಂದ ಬರುವ ರೋಗವೆಂದು ತಿಳಿದಿದ್ದರು. ಬಿಸಿಲು, ಕಡಲಗಾಳಿಗಳೇ ಅದಕ್ಕೆ ಮದ್ದೆಂದು ರೋಗಿಗಳನ್ನು ದಕ್ಷಿಣಕ್ಕೆ ಕಳುಹಿಸುತ್ತಿದ್ದರು. ಸ್ಪೇನಿನವರಾದರೋ ಹದಿನೆಂಟನೆಯ ಶತಮಾನದಿಂದಲೇ ಅದನ್ನು ಅಂಟುರೋಗವೆಂದು ಪರಿಗಣಿಸಿ, ರೋಗಿ ಬಳಸಿದ ಹಾಸಿಗೆ ಬಟ್ಟೆಗಳನ್ನು ಸುಡಬೇಕೆಂದು ಕಟ್ಟಳೆ ಮಾಡಿದ್ದರು. ಮನೆಯ ಒಡೆಯ ಇವರನ್ನು ಹೊರಡಲು ಹೇಳಿದನು. ಹಾಸಿಗೆ ಸುಡುವ, ಗೋಡೆಗಳಿಗೆ ಮತ್ತೆ ಸುಣ್ಣ ಬಳಿಯುವ ವೆಚ್ಚವನ್ನೂ ಕೇಳಿದನು. ಸಾಂಡಳಿಗೆ ಇದು ಕ್ರೌರ್ಯವಾಗಿ, ಮೌಢ್ಯವಾಗಿ ಕಂಡಿತು.

ಮಠದಲ್ಲಿ ಎರಡು ತಿಂಗಳು

೧೮೩೮ರ ಡಿಸೆಂಬರ್ ೧೫ರಂದು ಅವರು ಬೆಟ್ಟದೊಳಗಣ ವಾಲ್ದೆಮೊಸಾ ಗ್ರಾಮದ ಹಳೆಯ ಮಠವನ್ನು ಸೇರಿದರು. ಸರ್ಕಾರ ಸಂನ್ಯಾಸಿಗಳನ್ನು ೧೮೩೫ರಲ್ಲಿ ತೆರವುಮಾಡಿಸಿತ್ತು. ಖಾಲಿ ಉಳಿದ ಕೋಣೆಗಳು ಬಾಡಿಗೆಗೆ ದೊರೆಯುತ್ತಿದ್ದವು. ಮೂರು ಕೋಣೆ, ಮುಂದೊಂದು ಪುಟ್ಟ ತೋಟ, ಅದರಾಚೆ ಕಣಿವೆಯ ರಮ್ಯ ನೋಟ. ಆದರೆ ಗ್ರಾಮವಿರುವುದು ೪೦೦ ಮೀಟರಿಗೂ ಮೇಲೆ. ಮಳೆಯಿಂದ ಪಾರಾಗಲು ಹೊರಟ ರೋಗಿ ಹೆಚ್ಚು ಮಳೆಯ, ಹೆಚ್ಚು ಚಳಿಯ ಸ್ಥಳಕ್ಕೇ ಬಂದು ಸೇರಿದಂತಾಯಿತು.

ಅಲ್ಲಿ ಸಾಂಡ್ ನಡೆಸಿದ ದುಡಿಮೆ ಅಸಾಮಾನ್ಯವಾದುದು. ಹಗಲು ಮಕ್ಕಳಿಗೆ ಪಾಠ, ರೋಗಿಯ ಶುಶ್ರೂಷೆ, ಅಡಿಗೆಯ ಮೇಲ್ವಿಚಾರಣೆ. ರಾತ್ರಿ ತನ್ನ ಕಾದಂಬರಿಗಳ ಬರವಣಿಗೆ. ಚರ್ಚಿಗೆ ಹೋಗದ ಈ ಪರಕೀಯರಿಗೆ ಹಳ್ಳಿಯವರು ಸಾಮಾನುಗಳನ್ನು ದುಬಾರಿ ಬೆಲೆಗೆ ಮಾರುತ್ತಿದ್ದರು. ಹಾಲಿಗಾಗಿ ಆಕೆ ಒಂದು ಮೇಕೆಯನ್ನು ತಂದು ಕಟ್ಟಿಕೊಂಡಳು. ಪ್ಯಾರಿಸಿನಿಂದ ಬರಬೇಕಾಗಿದ್ದ ಪ್ಲೆಯೆಲ್ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದಿತು. ಭಾರಿ ಸುಂಕದ ಚೌಕಾಸಿ ಮುಗಿದು ಅದು ಮಠವನ್ನು ಸೇರಿದುದು ಜನವರಿಯಲ್ಲಿ. ಅಲ್ಲಿಯವರೆಗೆ ಒಂದು ಹಳೆಯ ಊರ ಪಿಯಾನೋದಲ್ಲಿಯೇ ಶೋಪಾನನು ಕೆಲಸ ನಡೆಸಿದನು. ಜನವರಿ ೨೨ರಂದು ಇಪ್ಪತ್ತನಾಲ್ಕು ಪ್ರೆಲ್ಯೂಡುಗಳ ಹಸ್ತಪ್ರತಿ ಪ್ಯಾರಿಸಿಗೆ ಹೊರಟಿತು. ಪಾಶ್ಚಾತ್ಯ ಸಂಗೀತದಲ್ಲಿ ಅವುಗಳ ಸ್ಥಾನ ಇಂದಿಗೂ ಅಚಲ. ಮಕ್ಕಳಿಗೂ ಪ್ರವಾಸದಿಂದ ಒಳಿತೇ ಆಯಿತು. ಮೋರೀಸನ ಆರೋಗ್ಯ ಸುಧಾರಿಸಿತು. ಕೆಟ್ಟುದು ಶೋಪಾನನ ದೇಹ ಒಂದೇ.

೧೮೩೯ರ ಫೆಬ್ರವರಿ ೧೩ರಂದು ಅವರು ದ್ವೀಪವನ್ನು ಬಿಟ್ಟರು. ರೋಗಿಗೆ ಒಳ್ಳೆಯ ಗಾಡಿ ಕೊಡಲು ಯಾರೂ ಮುಂದಾಗಲಿಲ್ಲ. ಕುಲುಕಾಟದ ಪಯಣದ ಬಳಿಕ ಆತನು ರಕ್ತ ಕಾರಿದನು. ಹಡಗು ಅದೇ ‘ಎಲ್ ಮಯೋರ್ಕಿನ್’. ಸಹಪ್ರಯಾಣಿಕರು ಬಾರ್ಸಿಲೋನದ ಪೇಟೆಗೆ ಹೊರಟ ಹಂದಿಗಳ ಹಿಂಡು. ಹಂದಿ ಆ ದ್ವೀಪದ ಮುಖ್ಯ ರಫ್ತು. ಹಡಗಿನ ಸಂಚಾರಕ್ಕೆ ಬಹುಮಟ್ಟಿಗೆ ಅದೇ ಆಧಾರ. ಬಾರ್ಸಿಲೋನದಲ್ಲಿ ಫ್ರೆಂಚ್ ಯುದ್ಧನೌಕೆಯ ವೈದ್ಯನು ರಕ್ತಸ್ರಾವವನ್ನು ನಿಲ್ಲಿಸಿದ ಮೇಲೆ ಅವರು ಮಾರ್ಸೇಲ್ಸ್ ಮುಟ್ಟಿ ಚೇತರಿಸಿಕೊಂಡರು.

ನ್ಯಾಯ ಯಾರ ಕಡೆ?

ಸಾಂಡ್ ತನ್ನ ಅನುಭವವನ್ನು ೧೮೪೧ರಲ್ಲಿ ಪತ್ರಿಕೆಯಲ್ಲಿಯೂ ೧೮೪೨ರಲ್ಲಿ ‘ಮಯೋರ್ಕದಲ್ಲಿ ಒಂದು ಚಳಿಗಾಲ’ ಎಂಬ ಪುಸ್ತಕವಾಗಿಯೂ ಪ್ರಕಟಿಸಿದಳು. ಅದರಲ್ಲಿ ದ್ವೀಪದ ಪ್ರಕೃತಿಗೆ ಹೊಗಳಿಕೆ, ದ್ವೀಪದ ಜನಕ್ಕೆ ಬೈಗುಳ. ಅವರು ಸೋಮಾರಿಗಳು, ಮೂಢರು, ಹಣದಾಸೆಯವರೆಂದು ಆಕೆ ಜರೆದಳು. ಅದೇ ೧೮೪೧ರಲ್ಲಿ ಹೊಸೆ ಮರಿಯಾ ಕ್ವಾದ್ರಾದೊ ಎಂಬ ತರುಣ ವಿದ್ವಾಂಸನು ಪಾಲ್ಮದ ಪತ್ರಿಕೆಯಲ್ಲಿ ತನ್ನ ಜನರ ಪರವಾಗಿ ಬಿರುಸಾದ ಉತ್ತರ ಬರೆದನು.

ಈ ವ್ಯಾಜ್ಯದಲ್ಲಿ ಕೊನೆಯ ಮಾತನ್ನು ಆಡಿದುದು ವಿಜ್ಞಾನ. ೧೮೬೫ರಲ್ಲಿ ಫ್ರಾನ್ಸಿನ ವಿಲ್‌ಮ್ಯಾಂ ಕ್ಷಯವು ಒಂದು ದೇಹದಿಂದ ಇನ್ನೊಂದಕ್ಕೆ ಹರಡಬಲ್ಲುದೆಂದು ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದನು. ೧೮೮೨ರ ಮಾರ್ಚ್ ೨೪ರಂದು ಜರ್ಮನಿಯ ರಾಬರ್ಟ್ ಕಾಖ್ ರೋಗದ ಅಣುಜೀವಿಯನ್ನು ಕಂಡುಹಿಡಿದುದನ್ನು ಪ್ರಕಟಿಸಿದನು. ಶೋಪಾನನು ೧೮೪೯ರಲ್ಲಿಯೇ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು. ವಾರ್ಸಾ ನಗರದ ಚರ್ಚಿನಲ್ಲಿ ಕಾಪಿಟ್ಟಿರುವ ಆತನ ಹೃದಯವನ್ನು ೨೦೧೪ರಲ್ಲಿ ಗಾಜಿನ ಪಾತ್ರೆಯ ಹೊರಗಿನಿಂದಲೇ ಪರಿಶೀಲಿಸಿದ ತಜ್ಞರು, ಕ್ಷಯದಿಂದ ಹೃದಯದ ಹೊದಿಕೆಗೆ ಉಂಟಾದ ಉರಿಯೂತವೇ ಮರಣಕಾರಣವಾಗಿರುವ ಸಂಭವ ಹೆಚ್ಚೆಂದು ೨೦೧೭ರಲ್ಲಿ ವರದಿಮಾಡಿದರು. ಎಂದಮೇಲೆ ಸಾಂಡ್ ಮೂಢರೆಂದು ಹಳಿದ ಜನರ ಅಂಜಿಕೆಯೇ ಸತ್ಯಕ್ಕೆ ಹತ್ತಿರವಾಗಿತ್ತು. ಪ್ಯಾರಿಸಿನ ಪಂಡಿತರ ನಂಬಿಕೆ ದೂರವಾಗಿತ್ತು. ಹಾಗೆಂದು ಸಾಯುತ್ತಿರುವವನಿಗೆ ಗಾಡಿ ನಿರಾಕರಿಸಿದುದು ಸರಿಯಾಯಿತೆನ್ನಲಾಗದು. ರೋಗಕ್ಕೆ ಅಂಜುವುದು ಬೇರೆ, ರೋಗಿಯನ್ನು ತೊರೆಯುವುದು ಬೇರೆ. ದ್ವೀಪದವರಲ್ಲಿ ತಿಳಿವಳಿಕೆಯಿತ್ತು, ಕನಿಕರ ಸಾಲಲಿಲ್ಲ. ಸಾಂಡಳಲ್ಲಿ ಕನಿಕರ ತುಂಬಿತ್ತು, ತಿಳಿವಳಿಕೆ ಸಾಲಲಿಲ್ಲ.

ಇಂದಿನ ಮಯೋರ್ಕ

ಕಾಲ ಬದಲಾಯಿತು. ೧೯೦೫ರಲ್ಲಿಯೇ ಪ್ರವಾಸವನ್ನು ಬೆಳೆಸಲು ದ್ವೀಪದವರು ಸಂಘ ಕಟ್ಟಿದರು. ೧೯೧೨ರಲ್ಲಿ ಪಾಲ್ಮದಿಂದ ಕಿತ್ತಳೆಯ ಕಣಿವೆಯಾದ ಸೋಯೆರ್ ಊರಿಗೆ ರೈಲು ಬಂದಿತು. ತ್ರಮುಂತಾನ ಬೆಟ್ಟಸಾಲು ೨೦೧೧ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಒಂದು ಹೋಟಲಿಲ್ಲದ ಪಾಲ್ಮದ ವಿಮಾನನಿಲ್ದಾಣವನ್ನು ೨೦೨೩ರಲ್ಲಿ ಮೂರು ಕೋಟಿಗೂ ಹೆಚ್ಚು ಪ್ರಯಾಣಿಕರು ಬಳಸಿದರು. ಜನರನ್ನು ಬೈದ ಪುಸ್ತಕವನ್ನೇ ವಾಲ್ದೆಮೊಸಾದ ಅಂಗಡಿಗಳಲ್ಲಿ ಮಾರುತ್ತಾರೆ. ಬಾಡಿಗೆಗೆ ದೊರೆತಿದ್ದ ಕೋಣೆಗಳನ್ನು ನೋಡಲು ಟಿಕೆಟ್ಟಿದೆ. ಮನೆಬಾಡಿಗೆ ತಮ್ಮ ಕೈಗೆಟುಕದಷ್ಟು ಏರಿತೆಂದು ೨೦೨೪ರಲ್ಲಿ ದ್ವೀಪದ ಸಾವಿರಾರು ಜನ ಪಾಲ್ಮದ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಅಂದು ಅತಿಥಿಗೆ ಮನೆ ಸಿಗದಾಗಿತ್ತು. ಇಂದು ಮನೆಯವನಿಗೇ ಮನೆ ದುರ್ಲಭವಾಗಿದೆ.

ಪ್ರವಾಸಿಗಳಲ್ಲಿ ಹೆಚ್ಚಿನವರು ಬರುವುದು ಬೇಸಗೆಯಲ್ಲಿ. ಚಳಿಗಾಲದಲ್ಲಿ ಕಡಲತೀರದ ಎಷ್ಟೋ ಹೋಟಲುಗಳು ಬಾಗಿಲು ಹಾಕುತ್ತವೆ. ಆದರೂ ಕಾಲವರಿತು ಹೋಗುವ ಸಂಸಾರಕ್ಕೆ ಆ ಋತು ಬಡವಾದುದಲ್ಲ. ಜನವರಿಯ ಕೊನೆಯಿಂದ ಬಾದಾಮಿ ಮರಗಳು ಬಿಳಿ, ನಸುಗೆಂಪು ಹೂಗಳಿಂದ ತುಂಬುತ್ತವೆ. ಸೋಯೆರ್ ಕಣಿವೆಯಲ್ಲಿ ಕಿತ್ತಳೆ ಮಾಗಿರುತ್ತದೆ. ಎರಡು ಮಳೆಗಳ ನಡುವೆ ಬರುವ ತಿಳಿಬಿಸಿಲಿನ ದಿನಗಳು ನಿಜವಾಗಿಯೂ ಸುಂದರ. ಅವುಗಳನ್ನು ಅನುಭವಿಸಲು ಬೇಕಾದವು ಬೆಟ್ಟದ ಮರೆಯ ಬಯಲುಸೀಮೆ, ಬೆಂಕಿಯಿರುವ ಮನೆ, ಮಳೆಯ ದಿನಕ್ಕೂ ಒಪ್ಪುವ ಮನಸ್ಸು.

ಈ ಅಧ್ಯಯನದಿಂದ ನಾವು ಕಲಿಯಬಹುದಾದುದು ಹೀಗಿದೆ. ವಾರ್ಷಿಕ ಸರಾಸರಿ ಋತುವಿನ ಸ್ವಭಾವವನ್ನು ಮರೆಮಾಡುತ್ತದೆ. ಒಂದು ದೇಶ ಬಿಸಿಲಿನದೆಂದಮಾತ್ರಕ್ಕೆ ಅದರ ಎಲ್ಲ ತಿಂಗಳುಗಳೂ ಬಿಸಿಲಿನವಾಗವು. ಮನೆಯನ್ನು ಯಾವ ಋತುವಿಗಾಗಿ ಕಟ್ಟಿದರೆಂಬುದನ್ನು ನೋಡದೆ ಅದರ ಸುಖವನ್ನು ಅಳೆಯಲಾಗದು. ಕಡೆಯದಾಗಿ, ಪರಸ್ಥಳದ ಜನರ ಆಚಾರ ನಮಗೆ ವಿಚಿತ್ರವಾಗಿ ಕಂಡಾಗ, ಅದನ್ನು ನಗುವ ಮುನ್ನ ಅದರ ಕಾರಣವನ್ನು ಕೇಳಬೇಕು. ಆ ಒಂದು ಪ್ರಶ್ನೆಯನ್ನು ಸಾಂಡ್ ಕೇಳಿದ್ದರೆ, ಆಕೆಯ ಪುಸ್ತಕ ಇನ್ನಷ್ಟು ದೊಡ್ಡದಾಗುತ್ತಿದ್ದಿತು.