ಗಂಡು ಕೃಷ್ಣಮೃಗಗಳ ಹಿಂಡು

ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಮುಂದೆ ಹೋದರೆ ರಾಣೆಬೆನ್ನೂರು ಸೀಮೆಯಲ್ಲಿ 1974ರಲ್ಲಿ ಏರ್ಪಟ್ಟ ಕೃಷ್ಣಮೃಗ ಧಾಮವಿರುವುದು. ಜನರು ಈ ಮೃಗವನ್ನು ಜಿಂಕೆಯೆಂದು ಕರೆಯುವರಾದರೂ ಇದು ಹುಲ್ಲೆಯ ಜಾತಿಗೆ ಸೇರಿದುದು. ಇದರ ಕೊಂಬುಗಳು ವರ್ಷವರ್ಷವೂ ಉದುರುವುದಿಲ್ಲ.

ಹೆಣ್ಣೊಂದೂ ಇಲ್ಲದೆ ಗಂಡುಗಳೇ ಕೂಡಿ ಮೇಯುವ ಹಿಂಡುಗಳು ಈ ಜಾತಿಯಲ್ಲುಂಟು. ಇದಕ್ಕೆ ಕಾರಣವು ನೆಲದ ಹಕ್ಕು. ಬೆದೆಗಾಲದಲ್ಲಿ ಬಲಿಷ್ಠವಾದ ಕರಿಯ ಗಂಡುಗಳು ಒಂದೊಂದು ನೆಲವನ್ನು ಹಿಡಿದು, ಹಿಕ್ಕೆಯ ರಾಶಿಗಳಿಂದ ಎಲ್ಲೆಯನ್ನು ಗುರುತುಮಾಡಿ, ಇತರ ಗಂಡುಗಳನ್ನು ಅಟ್ಟುವುವು. ಪ್ರಾಯಕ್ಕೆ ಬರುತ್ತಿರುವ ಕಂದುಬಣ್ಣದ ಗಂಡುಗಳೂ, ನೆಲ ಹಿಡಿಯಲಾರದ ದೊಡ್ಡವೂ ಹೀಗೆ ಹೊರಬಿದ್ದು ಒಂದುಗೂಡುವುವು. ಅನೇಕ ಕಣ್ಣುಗಳಿದ್ದಲ್ಲಿ ಅಪಾಯವು ಬೇಗನೆ ತಿಳಿಯುವುದು. ಎಳೆಯವು ಕೊಂಬು ತಾಗಿಸಿ ಕಾದಾಟವನ್ನೂ ಕಲಿಯುವುವು.

ಬೆದೆಯು ಹೆಚ್ಚಾಗಿ ಮಾರ್ಚಿಯಿಂದ ಮೇ ವರೆಗೂ, ಆಗಸ್ಟಿನಿಂದ ಅಕ್ಟೋಬರಿನ ವರೆಗೂ ಇರುವುದು. ಎರಡನೆಯ ಅವಧಿಯಲ್ಲಿ ಮುಂಗಾರು ಪೈರು ಹೊಲದಲ್ಲಿರುವುದರಿಂದ ಕಾವಲು ಬಿಗಿಯಾಗಿರಬೇಕು.

ಗಂಡುಗಳ ಹಿಂಡು ಕಂಡಮಾತ್ರಕ್ಕೆ ಸಂತತಿ ಮಿತಿಮೀರಿತೆಂದು ಭಾವಿಸಬಾರದು; ನೆಲ ಸಿಕ್ಕದವು ಒಂದೆಡೆ ಸೇರಿರುವುದಷ್ಟೆ. ಇಂದು ಹೊರಬಿದ್ದವುಗಳಲ್ಲಿಯೇ ಮುಂದಿನ ಹಿಂಡಿನ ಒಡೆಯನಿರುವನು. ಇವುಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ದಂಡನಾರ್ಹ. ಆದುದರಿಂದ ಗ್ರಾಮದ ಮುಖ್ಯಸ್ಥರು ಅಕ್ಕಪಕ್ಕದ ಹೊಲದವರನ್ನು ಕೂಡಿಸಿ ಸರದಿಯ ಕಾವಲನ್ನು ಏರ್ಪಡಿಸುವುದೂ, ಪೈರು ನಷ್ಟವಾದಲ್ಲಿ ಕೂಡಲೆ ಅರಣ್ಯ ಇಲಾಖೆಗೆ ತಿಳಿಸುವುದೂ ಯುಕ್ತವು.